ಗಾಳಿ ಮೀಟರಿನ ನಾಲ್ಕನೇ ಸ್ಕ್ರೂ

ಮಂಡಿ ಮೊಹಲ್ಲಾ, ಮೈಸೂರು
4-10-1961

ಪ್ರೀತಿಯ ಗೆಳೆಯ ಮಹದೇವುಗೆ ಷಡಕ್ಷರಿಯ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು, ದೇವಿರಮ್ಮ, ಮಕ್ಕಳು ಹೇಗಿದ್ದೀರಿ ಎಂದು ಕೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು. ತಡವಾಯಿತು, ಕ್ಷಮಿಸು ಎಂದು ಬರೆಯುವುದಕ್ಕೂ ನಾಚಿಕೆ. ನೀನು ನರಸೀಪುರದಲ್ಲಿ ಸೈಕಲ್ ಷಾಪ್ ಇಟ್ಟಿದ್ದೀಯ ಎಂದು ಲಾರಿ ಡ್ರೈವರ್ ಲಿಂಗಯ್ಯ ವಿಳಾಸ ಕೊಟ್ಟ. ಕಾಗದ ಹರಿದು ಬಿಸಾಡಬೇಡ, ಕೊನೆಯವರೆಗೂ ಓದು.

ಸುದ್ದಿ ಏನೆಂದರೆ, ನಮ್ಮ ಪೆಟ್ರೋಲ್ ಬಂಕಿನ ಗಾಳಿ ಮೀಟರು ಮತ್ತೆ ಗಂಟೆ ಹೊಡೆಯುತ್ತಿದೆ! ಅದೇ, ಗಡಿಯಾರದ ಮುಖದ ಕೆಂಪು ಡಬ್ಬಿ. ಮುಳ್ಳನ್ನು ಇಪ್ಪತ್ತೆಂಟು ಪೌಂಡಿಗೆ ಇಟ್ಟರೆ ಟಿಣ್ ಟಿಣ್ ಎಂದು ಗಾಳಿ ತುಂಬಿ, ಸಾಕಾದಾಗ ತಾನೇ ಸುಮ್ಮನಾಗುತ್ತಿತ್ತಲ್ಲ, ಅದು. ಅದರ ಹೆಸರೆತ್ತಿದರೆ ನಿನಗೆ ಹೊಟ್ಟೆ ಉರಿಯುತ್ತದೆ, ಗೊತ್ತು. ಆ ವರ್ಷ ಆಯುಧಪೂಜೆಯ ಮಾರನೆಯ ದಿನ ನೀನು ಗಾಳಿ ತುಂಬಿಸಿ ಕಳಿಸಿದ ವಕೀಲರ ಕಾರು ನಂಜನಗೂಡು ರಸ್ತೆಯಲ್ಲಿ ಟೈರು ಸಿಡಿದು ಗದ್ದೆಗಿಳಿಯಿತು, ಡ್ರೈವರ್ ಕೈ ಮುರಿದುಕೊಂಡ, ನಿನ್ನ ಕೆಲಸ ಹೋಯಿತು. "ಇಪ್ಪತ್ತೆಂಟಕ್ಕೇ ಇಟ್ಟಿದ್ದೆ ಯಜಮಾನ್ರೇ, ನಮ್ಮವ್ವನಾಣೆ" ಎಂದು ನೀನು ಅಂಗಲಾಚಿದರೂ ಯಾರೂ ನಂಬಲಿಲ್ಲ. ಅಂದಿನಿಂದ ಮೀಟರನ್ನೂ ಯಾರೂ ಮುಟ್ಟಲಿಲ್ಲ. ಗೋಡೌನಿನಲ್ಲಿ ಖಾಲಿ ಪೀಪಾಯಿಗಳ ಹಿಂದೆ ಬಿದ್ದಿತ್ತು.

ಆಷಾಢದಲ್ಲಿ ಗೋಡೌನು ಖಾಲಿ ಮಾಡಿಸಿದರು. ನಂಜುಂಡಸ್ವಾಮಿಯವರೇ ಇನ್ನೂ ಯಜಮಾನರು, ಹೊಟ್ಟೆ ಮಾತ್ರ ಎರಡರಷ್ಟಾಗಿದೆ. "ಗುಜರಿಗೆ ಹಾಕ್ಬುಡಯ್ಯ, ಆ ಶನಿ ಯಾಕೆ" ಎಂದರು. ನನಗೆ ಹಠ ಬಂತು. "ಆಯುಧಪೂಜೆ ಹೊತ್ಗೆ ನಡೆಸಿ ತೋರಿಸ್ತೀನಿ, ಆಗ್ಲಿಲ್ಲ ಅಂದ್ರೆ ನೀವೇ ಗುಜರಿಗೆ ಕಳಿಸಿ" ಎಂದು ಮನೆಗೆ ಹೊತ್ತು ತಂದೆ.

ಮೂರು ತಿಂಗಳು, ಮಹದೇವು! ಸೀಮೆಎಣ್ಣೆಯಲ್ಲಿ ನೆನೆಹಾಕಿ ತುಕ್ಕು ಬಿಡಿಸಿದೆ. ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದೆ. ಬಿರಿದ ವಾಷರುಗಳ ಬದಲು ಹೊಸ ಚರ್ಮ ಕತ್ತರಿಸಿ, ಎಣ್ಣೆ ಕುಡಿಸಿ ಕೂರಿಸಿದೆ. ಏನು ಬಿಚ್ಚಿದರೂ ಮೊದಲು ಎರಡು ಭಾಗಕ್ಕೂ ಮೂರು ಗೀರು ಎಳೆದುಕೊಂಡು, ಜೋಡಿಸುವಾಗ ಗೀರಿಗೆ ಗೀರು ಕೂಡಿಸುವುದು ನನ್ನ ಅಭ್ಯಾಸವಲ್ಲವೇ? "ಕಬ್ಬಿಣಕ್ಕೂ ವಿಭೂತಿ ಹಚ್ತೀಯೇನೋ" ಎಂದು ನೀನು ಗೇಲಿ ಮಾಡುತ್ತಿದ್ದೆ. ಈಗಲೂ ಹಚ್ಚುತ್ತೇನೆ. ಅಳಿಸಿಹೋಗಿದ್ದ ಅಂಕಿಗಳನ್ನು ಬರೆದವಳು ನನ್ನ ಹೆಂಡತಿ ಸರ್ವಮಂಗಳಾ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ. "ನನಗೆ ಒಂದು ಡಜನ್ ಬಳೆ ತರೋಕೆ ಪುರುಸೊತ್ತಿಲ್ಲ, ಇದಕ್ಕೆ ಸಿಂಗಾರ ನೋಡಿ!" ಎಂದು ಬೈಯುತ್ತಲೇ ಬರೆದಳು. ಅವಳ ಅಂಕಿ ಕಂಪನಿಯ ಅಂಕಿಗಿಂತ ದುಂಡಗಿದೆ. ಜಂಬವೆನ್ನುತ್ತೀಯ. ಇರಲಿ, ಜಂಬವೇ.

ಮೊನ್ನೆ ಭಾನುವಾರ ಯಜಮಾನರ ಕಾರಿಗೇ ಗಾಳಿ ಹಿಡಿದೆವು. ಲಿಂಗಯ್ಯ ತನ್ನ ಜೇಬಿನ ಗೇಜು ಒತ್ತಿ ನೋಡಿದ. ಮುಳ್ಳು ಇಪ್ಪತ್ತೆಂಟು, ಟೈರಿನಲ್ಲೂ ಇಪ್ಪತ್ತೆಂಟು, ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಗಂಟೆ ಕೇಳಿ ಎದುರು ಮಂಡಿಯವರೆಲ್ಲ ಹೊರಗೆ ಬಂದರು. ಯಜಮಾನರು "ಭೇಷ್" ಎಂದು ಬೆನ್ನು ತಟ್ಟಿದರು. ಇಪ್ಪತ್ತು ವರ್ಷದ ಕೆಲಸದಲ್ಲಿ ನನ್ನ ಎದೆ ಇಷ್ಟು ಉಬ್ಬಿದ್ದು ಇದೇ ಮೊದಲು.

ಆಯುಧಪೂಜೆ ಹದಿನೆಂಟಕ್ಕೆ. ಮೀಟರಿಗೆ ಮೊದಲ ಹೂವು ನೀನೇ ಏರಿಸಬೇಕು. ದೇವಿರಮ್ಮನನ್ನೂ ಕರೆದುಕೊಂಡು ಬಾ. ಅವರು ಬಂದರೆ ಒಬ್ಬಟ್ಟು ಮಾಡುತ್ತೇನೆಂದು ಸರ್ವಮಂಗಳಾ ಹೇಳಿದ್ದಾಳೆ. ಮಕ್ಕಳಿಗೆ ನನ್ನ ಆಶೀರ್ವಾದ. ನಂಜುಂಡೇಶ್ವರ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ
ಷಡಕ್ಷರಿ

ವಿ.ಸೂ.: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಭಾನುವಾರದ್ದು ಎರಡನೇ ಪರೀಕ್ಷೆ. ಹದಿನೈದು ದಿನದ ಹಿಂದೆ ಮೊದಲ ಸಲ ಗಾಳಿ ಹಿಡಿದಾಗ ಮುಳ್ಳು ಇಪ್ಪತ್ತೆಂಟಕ್ಕಿತ್ತು, ಲಿಂಗಯ್ಯನ ಗೇಜು ಮೂವತ್ತೆಂಟು ತೋರಿಸಿತು. ಮುಳ್ಳಿನ ಹಿಂದಿರುವ ಎರಡು ಹಲ್ಲುಚಕ್ರಗಳನ್ನು ನಾನು ಅಲ್ಲಿಯವರೆಗೆ ಬಿಚ್ಚಿರಲಿಲ್ಲ. ಬಿಚ್ಚಿ ನೋಡಿದರೆ ಎರಡರ ಮೇಲೂ ನನ್ನ ಹಳೆಯ ಮೂರು ಗೀರು. ಗೀರಿಗೆ ಗೀರು ಕೂಡಿರಲಿಲ್ಲ, ಒಂದು ಹಲ್ಲು ಆಚೆ ಕೂತಿತ್ತು. ಗೀರಿಗೆ ಗೀರು ಕೂಡಿಸಿ ಕೂರಿಸಿದ ಮೇಲೆಯೇ ಭಾನುವಾರ ಲೆಕ್ಕ ಸರಿಬಂದದ್ದು. ಆ ವರ್ಷ ಪೂಜೆಗೆಂದು ಹಿಂದಿನ ದಿನ ಮೀಟರು ಬಿಚ್ಚಿ ತೊಳೆದು, ತರಾತುರಿಯಲ್ಲಿ ಮುಚ್ಚಿದವನು ನಾನು. ನೀನು ಇಪ್ಪತ್ತೆಂಟಕ್ಕೇ ಇಟ್ಟಿದ್ದೆ ಮಹದೇವು. ಯಜಮಾನರು ಕೇಳಿದಾಗ "ಅವನ ಕೈ ಸ್ವಲ್ಪ ಅವಸರದ್ದು ಬುಡಿ" ಎಂದವನೂ ನಾನೇ. ನೀನು ಒಂದು ಸಲ ನನ್ನ ಮುಖ ನೋಡಿ, ಖಾಕಿ ಅಂಗಿಯನ್ನು ಮೊಳೆಗೆ ನೇತುಹಾಕಿ ಹೋದೆ.

ಇವತ್ತು ಬೆಳಿಗ್ಗೆ ಬಂಕಿನಲ್ಲಿ ಎಲ್ಲರೆದುರು ಇದನ್ನು ಹೇಳಿದೆ. "ಹಳೇ ಕಥೆ ಬುಡಯ್ಯ, ಯಾರಿಗೆ ನೆನಪಿದೆ" ಎಂದರು ಯಜಮಾನರು. ನಿನಗೆ ನೆನಪಿದೆ.

ಮೀಟರಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಮೂರು ಹಾಕಿದ್ದೇನೆ. ನಾಲ್ಕನೆಯದು ಈ ಲಕೋಟೆಯಲ್ಲಿದೆ. ಬಂದು ಮುಚ್ಚಳ ತೆಗೆದು ಆ ಗೀರುಗಳನ್ನು ಕಣ್ಣಾರೆ ನೋಡು. ಮನಸ್ಸು ತಣಿಯುವಷ್ಟು ನನ್ನನ್ನು ಬೈ. ಆಮೇಲೆ ನೀನೇ ಹಾಕು.