ಹದಿನಾರು ಜಿಬಿಯ ಹುಲಿಗೆಮ್ಮಜ್ಜಿಗೆ

ಹೊಸಪೇಟೆ
ಫೆಬ್ರವರಿ 30, 2231

ಹುಲಿಗೆಮ್ಮಜ್ಜಿಯವರಿಗೆ, ನಿಮ್ಮ ಏಳನೆಯ ತಲೆಮಾರಿನ ಇಳೆಯವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಕ್ಯಾಲೆಂಡರನ್ನು ನೆಟ್ಟಗೆ ಮಾಡುತ್ತೇವೆಂದು ಹೊರಟವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಇನ್ನೂರು ವರ್ಷ ಹಿಂದೆ ಕೂತು ಇದನ್ನು ಓದುವ, ಮೂವತ್ತೆರಡು ವರ್ಷದ ನಿಮ್ಮನ್ನು ಅಜ್ಜಿ ಎಂದಿದ್ದಕ್ಕೂ ಸಿಟ್ಟಾಗಬೇಡಿ. ನನಗೆ ಐವತ್ತನಾಲ್ಕು, ಆದರೂ ಮೊಮ್ಮಗಳೇ. ಅಲ್ಲಲ್ಲಿ ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮ ಕಾಲದಲ್ಲಿ ಮಗುವಿಗೆ ಕಿವಿ ಚುಚ್ಚುವಾಗಲೇ ಒಂದು ನೋಡುಗಿವಿ ತೊಡಿಸುತ್ತಾರೆ. ಸಾಸಿವೆ ಕಾಳಿನಷ್ಟಿರುವ ಅದು, ತೊಟ್ಟವರು ಕಂಡದ್ದು ಕೇಳಿದ್ದನ್ನೆಲ್ಲ ಕೊನೆಯುಸಿರಿನವರೆಗೆ ತುಂಬಿಕೊಳ್ಳುತ್ತದೆ. ಜಾಗಕ್ಕೆ ಕೊರತೆಯಿಲ್ಲ. ಹಾಗಾಗಿ ನಮಗೆ ಏನನ್ನೂ ಅಳಿಸಿ ಗೊತ್ತಿಲ್ಲ, ಹುಡುಕಿದರೆ ಬೇಕಾದ್ದು ಸಿಗುವುದೂ ಇಲ್ಲ. ಮೊನ್ನೆ ಕೊಡೆ ಎಲ್ಲಿಟ್ಟೆನೆಂದು ಮೂರು ದಿನದ ದಾಖಲೆ ನೋಡಲು ಮೂರು ದಿನವೇ ಹಿಡಿಯಿತು. ಅಷ್ಟರಲ್ಲಿ ಬೇರೆ ಕೊಡೆ ತಂದಿದ್ದೆ.

ಸತ್ತ ಮೇಲೆ ಮಾತ್ರ ಕಟ್ಟುನಿಟ್ಟು. ಎಲ್ಲವೂ ತುಂಬುಮನೆಗೆ, ಅಂದರೆ ಊರಾಚೆಯ ಉಗ್ರಾಣಕ್ಕೆ ಹೋಗುತ್ತದೆ. ಅಲ್ಲಿಂದ ಯಾರಿಗೂ ವಾಪಸ್ ಸಿಗುವುದಿಲ್ಲ. ಮನೆಯವರು ಒಂದು ‘ಹಿಡಿ’ ಇಟ್ಟುಕೊಳ್ಳಬಹುದು. ನಿಮ್ಮ ಅಳತೆಯಲ್ಲಿ ಹೆಚ್ಚೂಕಡಿಮೆ ಹದಿನಾರು ಜಿಬಿ. ಮೂವತ್ತು ದಿನದೊಳಗೆ ನಾವು ಆರಿಸದಿದ್ದರೆ ಯಂತ್ರವೇ ಆರಿಸುತ್ತದೆ. ಅಪ್ಪ ತೀರಿಕೊಂಡಾಗ ಕೈಲಾಗದೆ ಯಂತ್ರಕ್ಕೆ ಬಿಟ್ಟೆವು. ಅದು ಬೆಳಕು ಚೆನ್ನಾಗಿದ್ದುದನ್ನೇ ಹೆಕ್ಕಿತು. ಈಗ ನಮ್ಮ ಮನೆಯಲ್ಲಿರುವ ಅಪ್ಪನೆಂದರೆ ಬರೀ ಹೂಕುಂಡ, ಬೀದಿದೀಪ, ಮಧ್ಯಾಹ್ನದ ಆಕಾಶ. ಈ ತಿಂಗಳ ಮೊದಲ ದಿನ ಅವ್ವನೂ ಹೋದಳು. ಎಪ್ಪತ್ತೊಂಬತ್ತು ವರ್ಷದ ಅವ್ವನನ್ನು ಒಂದು ಹಿಡಿಯಲ್ಲಿ ಹೇಗೆ ಉಳಿಸಿಕೊಳ್ಳಲಿ ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅವಳ ಪೆಟ್ಟಿಗೆಯ ತಳದಲ್ಲಿ ನಿಮ್ಮ ಫೋನು ಸಿಕ್ಕಿತು.

ಗಾಜು ಒಡೆದ ಹದಿನಾರು ಜಿಬಿ ಫೋನು. ಅಳಿಸಿದ ಚಿತ್ರಗಳು ಮರಳಿ ಬರುವುದಿಲ್ಲ, ಆದರೆ ಯಾವಾಗ ಏನನ್ನು ಅಳಿಸಿದಿರೆಂಬ ಗುರುತು ಉಳಿದಿದೆ. ಇಪ್ಪತ್ತು ದಿನ ಅದನ್ನೇ ಓದಿದೆ. ಗ್ಯಾಸ್ ಬುಕ್ ಮಾಡುವ ಆಪನ್ನು ನೀವು ತಿಂಗಳಿಗೊಮ್ಮೆ ಹಾಕಿಕೊಂಡು ಅವತ್ತೇ ತೆಗೆದಿದ್ದೀರಿ, ನಾಲ್ಕು ವರ್ಷ ಬಿಡದೆ. ಇಂಥ ಫೋನುಗಳನ್ನು ನೋಡಿದ ನಮ್ಮ ಪಂಡಿತರು, ಇದು ಆ ಕಾಲದ ಹೆಂಗಸರು ಅಗ್ನಿದೇವನಿಗೆ ಮಾಡುತ್ತಿದ್ದ ಮಾಸಿಕ ವ್ರತವೆಂದು ಬರೆದಿದ್ದಾರೆ. ಪುಣ್ಯಾತ್ಮರು! ಜಾಗ ಇರಲಿಲ್ಲ, ಅಷ್ಟೇ. ನಿಮ್ಮ ಹೊಲಿಗೆ ಅಂಗಡಿಯ ಗಿರಾಕಿಗಳು ಕಳಿಸಿದ ಬ್ಲೌಸ್ ಡಿಸೈನುಗಳು ಬಟ್ಟೆ ಕತ್ತರಿಸಿದ ಕೂಡಲೇ ಹೋಗುತ್ತಿದ್ದವು. ಒಬ್ಬರಿಗೆ ನೀವು ಬರೆದದ್ದು ಹಾಗೇ ಇದೆ: “ಅಕ್ಕಾರ, ಹದಿನೆಂಟು ಫೋಟೋ ಕಳಿಸೀರಿ. ಬೆನ್ನು ಒಂದಾ ಐತಲ್ರಿ ನಿಮಗ? ಒಂದಾ ಕಳಸ್ರಿ, ಫೋನ್ ಫುಲ್ ಆಗೈತಿ.” ಓದಿ ಬಿದ್ದು ಬಿದ್ದು ನಕ್ಕೆ. ಅವ್ವ ಹೋದ ಮೇಲೆ ನಕ್ಕದ್ದು ಅದೇ ಮೊದಲು.

ಗುಲಾಬಿ ಹೂವಿನ ಗುಡ್ ಮಾರ್ನಿಂಗ್‌ಗಳು ಬಂದ ದಿನವೇ ಹೋಗಿವೆ. ತಂಗಿಯ ಮದುವೆ ಫೋಟೋಗಳೂ ಹೋಗಿವೆ. “ನಿನ್ನತ್ರ ಅದಾವಲ್ಲ, ನೋಡಬೇಕನ್ನಿಸಿದ್ರ ನಿಮ್ಮನಿಗೇ ಬರ್ತೀನಿ” ಎಂದು ಅವಳಿಗೆ ಬರೆದಿದ್ದೀರಿ. ಮತ್ತೆ ಕೇಳಿದರೆ ಸಿಗುವುದನ್ನೆಲ್ಲ ಬಿಟ್ಟಿರಿ. ಕೊನೆತನಕ ಉಳಿದದ್ದು ನಿಮ್ಮ ಅವ್ವನ ನಲವತ್ತು ಸೆಕೆಂಡಿನ ವಾಯ್ಸ್ ಮೆಸೇಜು. ಹಿಂದೆ ಮಿಕ್ಸಿಯ ಸದ್ದು. “ಉಂಡಿಯಿಲ್ಲೋ? ಬರೇ ಮಷಿನ್ ತುಳಕೋತ ಕುಂತಿರ್ತಿ. ಯಾಕ, ಮಾತಾಡವಲ್ಲಿ? ಮಿಕ್ಸಿ ಬಂದ್ ಮಾಡಲೇನು?” ಅದು ಫೋನ್ ಕರೆಯಲ್ಲವೆಂದು ಆ ತಾಯಿಗೆ ಗೊತ್ತೇ ಆಗಿಲ್ಲ. ನಮ್ಮ ಯಂತ್ರವಾಗಿದ್ದರೆ ಇದನ್ನೇ ಮೊದಲು ಎಸೆಯುತ್ತಿತ್ತು. ಫೋನು ನೂರಾರು ಸಲ ಜಾಗವಿಲ್ಲವೆಂದು ಗೋಳಾಡಿದರೂ ನೀವು ಅದನ್ನು ಮುಟ್ಟಲಿಲ್ಲ. ನಿಮ್ಮ ಗಟ್ಟಿತನ ಕಂಡು ನನಗೆ ಹೆಮ್ಮೆಯಾಯಿತು. ಎಲ್ಲ ಇರುವ ನಾವು ಮಾಡಲಾರದ್ದನ್ನು ನೀವು ಊಟದ ಬಿಡುವಿನಲ್ಲಿ ಮಾಡಿ ಮುಗಿಸುತ್ತಿದ್ದಿರಿ.

ನಿನ್ನೆ ನಾನೂ ಹಾಗೇ ಆರಿಸಿದೆ. ಹಬ್ಬ, ಪ್ರವಾಸ ಎಲ್ಲ ಬಿಟ್ಟೆ. ಜಡೆ ಹೆಣೆಯುತ್ತ ಅವ್ವ ನನ್ನನ್ನು ಬೈದದ್ದು, ಪಕ್ಕದ ಮನೆಯವಳೊಂದಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ನಕ್ಕದ್ದು, ಜ್ವರದಲ್ಲಿ ನನ್ನ ಹೆಸರು ಕೂಗಿದ್ದು, ಇಂಥವನ್ನೇ ಇಟ್ಟುಕೊಂಡೆ. ಹಿಡಿ ತುಂಬಿತು. ಇನ್ನೇನು ಉಳಿದದ್ದನ್ನು ಕಳಿಸಬೇಕು, ಆಗ ಹೊಳೆಯಿತು. ಅವ್ವನ ನೋಡುಗಿವಿ ಅವ್ವನ ಮುಖವನ್ನೇ ನೋಡಿಲ್ಲವಲ್ಲ! ನನ್ನದರಲ್ಲಿ ಇದ್ದರೂ ನಾನು ಹೋದ ಮೇಲೆ ಅದೂ ತುಂಬುಮನೆಗೇ. ಬೈಗುಳದಲ್ಲಿ ಒಂದಿಷ್ಟು ತೆಗೆದು, ಅವಳು ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಕುಂಕುಮ ಇಟ್ಟುಕೊಳ್ಳುವ ಹನ್ನೆರಡು ಸೆಕೆಂಡನ್ನು ಹುಡುಕಿ ಸೇರಿಸಿದೆ. ಆಮೇಲೆ ಅಳುತ್ತಲೇ ಮಿಕ್ಕದ್ದನ್ನೆಲ್ಲ ಕಳಿಸಿಕೊಟ್ಟೆ.

ಆ ಎಚ್ಚರ ಮೂಡಿದ್ದೂ ನಿಮ್ಮಿಂದಲೇ. ನಿಮ್ಮ ಫೋನಿನಲ್ಲಿ ಮುಂದಿನ ಕ್ಯಾಮೆರಾದಿಂದ ನಿಮ್ಮನ್ನೇ ನೀವು ತೆಗೆದುಕೊಂಡ ಮೂವತ್ತೊಂದು ಫೋಟೋಗಳ ಗುರುತಿದೆ. ಜಾಗ ಸಾಲದಾಗೆಲ್ಲ ಮೊದಲು ಹೋದವು ಅವೇ. ನಿಮಗೆ ಅವು ಯಾವ ಲೆಕ್ಕಕ್ಕೂ ಇರಲಿಲ್ಲವೇನೋ. ಅಜ್ಜಿ, ಮುಂದಿನ ಸಲ ಫೋನು ತುಂಬಿದಾಗ ಒಂದನ್ನಾದರೂ ಅಳಿಸದೆ ಉಳಿಸಿ. ತಲೆ ಬಾಚದೆ ತೆಗೆದದ್ದಾದರೂ ಸರಿ. ನಿಮ್ಮ ಮುಖ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಇಳೆಯವ್ವ