ನನ್ನ ತಂಗಿಯ ಕೊಲೆಗಾರನ ಕಣ್ಣೀರಿಗೆ ಅನುಮತಿ ಕೊಟ್ಟವರಿಗೆ

ವೆನಿಸ್ ನಗರದಲ್ಲಿ ಅಚ್ಚಿನ ಪರವಾನಗಿ ಕೊಡುವ ಮಾನ್ಯರೇ,

ನನ್ನ ತಂಗಿ ಪಾಸ್ಕ್ವಾಳನ್ನು ಕೊಂದವನು ಅವಳ ಗಂಡ. ಅವನನ್ನು ಪ್ರೇಮಿಯನ್ನಾಗಿ ಮಾಡಿದವರು ತಾವು. ಅವನಿಗೆ ಮಾಡಬೇಕಾದ್ದನ್ನು ಮಾಡಿದ್ದೇನೆ; ಈಗ ತಮ್ಮ ಸರದಿ.

ಮರೆತಿದ್ದರೆ ನೆನಪಿಸುತ್ತೇನೆ. ಹೊಡೆತ ತಾಳಲಾರದೆ ಅವಳು ನನ್ನ ಮನೆಗೆ ಬರಲೆಂದು ಬಟ್ಟೆ ಗಂಟು ಕಟ್ಟಿದ್ದಳು. ಅವಳ ಗಂಡ, ಬಟ್ಟೆಗೆ ಬಣ್ಣ ಹಾಕುವ ಬೊರ್ತೊಲೊ, ಅಷ್ಟಕ್ಕೇ ಅವಳ ಕತ್ತು ಹಿಸುಕಿದ. ನ್ಯಾಯಾಲಯ ಅವನನ್ನು ಗಡೀಪಾರು ಮಾಡಿತು. ಅವನು ದೋಣಿ ಹತ್ತಿದ ಬೆನ್ನಿಗೇ ರಿಯಾಲ್ತೊ ಸೇತುವೆಯ ಮೇಲೆ ಹಾಡಿನ ಹಾಳೆ ಮಾರಾಟಕ್ಕೆ ಬಂತು: 'ಪ್ರೇಮಾಧಿಕ್ಯದಿಂದ ಪತ್ನಿಯನ್ನು ಕಳೆದುಕೊಂಡ ನತದೃಷ್ಟನ ಶೋಕ.' ಕಳೆದುಕೊಂಡನಂತೆ! ಅವಳೇನು ಉಂಗುರವೇ, ಕಾಲುವೆಗೆ ಜಾರಿ ಬೀಳಲು? ಮುದ್ರಕ ಮಹಾಶಯ ಹೊಸ ಚಿತ್ರ ಕೆತ್ತಿಸುವ ಗೋಜಿಗೂ ಹೋಗಲಿಲ್ಲ. ಪ್ರಾರ್ಥನೆ ಪುಸ್ತಕದಲ್ಲಿ ಅಳುತ್ತಿದ್ದ ಸಂತ ಪೇತ್ರನನ್ನೇ ತಂದು ಬೊರ್ತೊಲೊ ಎಂದು ಒತ್ತಿದ. ನನ್ನ ತಂಗಿಗೆ ಸಿಕ್ಕಿದ್ದು ವೇಶ್ಯೆಯರ ಹಾಡುಗಳಿಗೆ ಹಾಕುವ ನಗುಮುಖ. ಅಡಿಯಲ್ಲಿ ತಮ್ಮ ಅನುಮತಿ.

ಊರೆಲ್ಲ ಅತ್ತಿತು. ನನ್ನ ದ್ರಾಕ್ಷಾರಸದ ಅಂಗಡಿಯಲ್ಲೇ ಕುಳಿತು ಅತ್ತರು. "ಪಾಪ ಕಣೇ, ಎಷ್ಟ್ ಪ್ರೀತಿ ಇದ್ರೆ ಅಷ್ಟ್ ಸಿಟ್ಟು ಬರುತ್ತೆ!" ಎಂದಳು ನೆರೆಮನೆಯ ಲುಚೆತ್ತಾ.

"ನಿನ್ ಗಂಡನೂ ನಿನ್ನ ಅಷ್ಟೇ ಪ್ರೀತಿ ಮಾಡ್ಲಿ ತಾಯಿ," ಎಂದೆ. ಅವಳು ಮತ್ತೆ ಈ ಕಡೆ ತಲೆಹಾಕಿಲ್ಲ. ಜನರ ಕಣ್ಣೀರಿಗೆ ಮನಸೋತು ಸರ್ಕಾರ ಗಡೀಪಾರನ್ನೇ ರದ್ದು ಮಾಡಿತು. ಆಗ ನಾನೂ ಒಂದು ಹಾಡು ಕಟ್ಟಿ ತಮ್ಮ ಕಚೇರಿಗೆ ತಂದೆ.

"ಇದ್ರಲ್ಲಿ ಬರೀ ಸಿಟ್ಟೇ ಇದೆಯಲ್ಲಮ್ಮ," ಎಂದಿರಿ. "ಹೆಂಗಸಿನ ಸಿಟ್ಟು ಅಚ್ಚಾದ್ರೆ ಸಂಸಾರಗಳು ಉಳೀತಾವಾ? ದುಃಖ ಬರ್ಕೊಂಡ್ ಬಾ, ನೋಡೋಣ."

"ಅವನ ಸಿಟ್ಟು ಅಚ್ಚಾಯ್ತಲ್ಲ ಸ್ವಾಮಿ?"

"ಅದು ಸಿಟ್ಟಲ್ಲಮ್ಮ, ಪ್ರೇಮ."

ಗಂಡಸು ಕತ್ತು ಹಿಸುಕಿದರೆ ಪ್ರೇಮ, ಹೆಂಗಸು ಬಾಯಿ ತೆರೆದರೆ ಬೀದಿಜಗಳ! ಯಾವ ಪಾಠಶಾಲೆಯಲ್ಲಿ ಕಲಿತಿರಿ, ಮಾನ್ಯರೇ?

ಪಕ್ಕದ ರಾಜ್ಯದ ಫೆರಾರಾದಲ್ಲಿ ತಮ್ಮ ಅನುಮತಿ ಬೇಕಿಲ್ಲ. ಅಲ್ಲಿ ಅಚ್ಚು ಹಾಕಿಸಿ, ಖಾಲಿ ಪೀಪಾಯಿಗಳಲ್ಲಿ ತುಂಬಿಸಿ ತಂದೆ. ಬೀದಿ ಹಾಡುಗಾರ ಜೋರ್ಜಿ ಮೊದಲು ಬೊರ್ತೊಲೊನ ಶೋಕವನ್ನೇ ಹಾಡುತ್ತಿದ್ದವನು. ಸಿಟ್ಟಿಗೆ ಜನ ಹೆಚ್ಚು ಸೇರುತ್ತಾರೆಂದು ಗೊತ್ತಾದಾಗ ನನ್ನ ಕಡೆಯಾದ. ಬೊರ್ತೊಲೊನ ಎರಡನೆಯ ನಿಶ್ಚಿತಾರ್ಥದ ದಿನ ಹೆಣ್ಣಿನ ಮನೆಯ ಬಾಗಿಲಲ್ಲೇ ಹಾಡಿಸಿದೆ. ಹುಡುಗಿಯ ತಾಯಿ ಹೊರಗೆ ಬಂದಳು.

"ಕತ್ತಿನ ಮೇಲೆ ಬೆರಳಿನ ಗುರುತು ಇದ್ದಿದ್ದು ನಿಜಾನಾ?"

"ನಾನೇ ಹೆಣ ತೊಳ್ದಿದ್ದು," ಎಂದೆ.

ಸಂಬಂಧ ಅಲ್ಲಿಗೆ ಮುರಿಯಿತು. ಬಣ್ಣಗಾರರ ಸಂಘವೂ ಅವನನ್ನು ಹೊರಹಾಕಿತು. ಕೊನೆಗೆ ನನ್ನ ಅಂಗಡಿಗೇ ಬಂದು ಮಂಡಿಯೂರಿದ. "ಅಕ್ಕಾ, ಆ ಹಾಡು ನಿಲ್ಸು. ಬದುಕೋಕಾಗ್ತಿಲ್ಲ."

ಆ ಕಣ್ಣೀರು ನಿಜವಾದದ್ದು, ಮಾನ್ಯರೇ. ನೋಡಿದೊಡನೆ ತಿಳಿಯಿತು. ಕರುಳು ಚುರ್ ಎನ್ನಬಹುದೆಂದು ಕಾದೆ; ಎನ್ನಲಿಲ್ಲ. "ಕೂತ್ಕೋ," ಎಂದು ಹೇಳಿ, ಜೋರ್ಜಿಗೆ ಮೊದಲಿನಿಂದ ಹಾಡಲು ಸನ್ನೆ ಮಾಡಿದೆ.

ತಮ್ಮಿಂದ ಬೇಕಿರುವುದಿಷ್ಟೇ. ಆ ಶೋಕದ ಹಾಳೆಯ ಅನುಮತಿಯನ್ನು ಹಿಂತೆಗೆದುಕೊಳ್ಳಿ. ಅದು ಮಾರಾಟವಾದ ಸೇತುವೆಯ ಮೇಲೇ ನಿಂತು, ತಪ್ಪಾಯಿತೆಂದು ಸ್ವಂತ ಬಾಯಿಂದ ಸಾರಿ. ಕಾರ್ನಿವಲ್ ಹಬ್ಬದವರೆಗೆ ಕಾಯುತ್ತೇನೆ. ನನ್ನನ್ನು ಸೆರೆಗೆ ಹಾಕುವುದಾದರೆ ಅಡ್ಡಿಯಿಲ್ಲ. ನನ್ನ ಹಾಡಿನ ಕೊನೆಯ ಚರಣ ಈಗಾಗಲೇ ಫೆರಾರಾ ತಲುಪಿದೆ. ತಮ್ಮ ಹೆಸರು ಪ್ರಾಸಕ್ಕೆ ಬಹಳ ಸಲೀಸಾಗಿ ಒದಗಿತು.

ಇಂತಿ,
ಹಾಡು ಗೆದ್ದರೂ ತಂಗಿ ಸಿಗದ
ಒರ್ಸೆತ್ತಾ