ರನ್‌ವೇ ಬೇಲಿಯಾಚೆಯ ಮನೆ

ಹೆರನ್ ಲೇಕ್, ಫ್ಲಾರಿಡಾ
ಮಾರ್ಚ್ 14, 2019

ಪ್ರೀತಿಯ ಕೆಂಟ್,

ಹೇಗಿದ್ದೀಯಾ ಮಗನೇ? ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಫೋನು ಮಾಡಿದಾಗಲೆಲ್ಲ ನೀನು "ಮನೆ ನೋಡೋದು ಎಲ್ಲೀವರೆಗೆ ಬಂತಮ್ಮ?" ಎಂದು ಕೇಳುತ್ತಿದ್ದೆ. ನಾನು "ನೋಡ್ತಾ ಇದೀವಿ ಕಣೋ" ಎಂದು ಹೇಳಿ ಮಳೆ ಬಿಸಿಲಿನ ಮಾತು ಎತ್ತುತ್ತಿದ್ದೆ. ನಿಮ್ಮಪ್ಪ ಪಕ್ಕದಲ್ಲೇ ಕೂತಿರುವಾಗ ಹೇಳುವ ವಿಷಯ ಅದಲ್ಲ. ಇವತ್ತು ಅವರನ್ನು ಕ್ಷೌರದ ಅಂಗಡಿಯಲ್ಲಿ ಬಿಟ್ಟಿದ್ದೇನೆ. ಹರಟೆಗೆ ಕೂತರೆ ಒಂದೂವರೆ ಗಂಟೆಗೆ ಮೋಸವಿಲ್ಲ. ಎದುರಿಗೇ ಕಾರು ನಿಲ್ಲಿಸಿ, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಡೊಂಕಾಗಿದ್ದರೆ ಹೊಂದಿಸಿಕೊಂಡು ಓದು.

ನೀನು ಶಾಲೆಗೆ ಹೋಗುತ್ತಿದ್ದಾಗಿನಿಂದ ನಿಮ್ಮಪ್ಪನಿಗೆ ಒಂದೇ ಆಸೆ. ಹಿತ್ತಲ ಬಾಗಿಲು ತೆಗೆದರೆ ರನ್‌ವೇ ಕಾಣಬೇಕು. ನೀವಿಬ್ಬರೂ ಹಾರಲು ಹೋಗಿ ನಿನ್ನ ಕಾಲು ಹೋದ ಆ ಅಪಘಾತವಾದ ಮೇಲೆ ಆ ಹುಚ್ಚು ಇಳಿಯಿತು ಎಂದುಕೊಂಡಿದ್ದೆ. ಹೋದ ವರ್ಷ ಎರಡು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡರಲ್ಲ, ಆಗಲೇ ತಿಳಿಯಿತು, ಇಳಿದಿಲ್ಲವೆಂದು. "ಇಂಥ ಪುಟಾಣಿಗೆ ಕಾರಿನ ಲೈಸೆನ್ಸ್ ಇದ್ರೆ ಸಾಕು, ಡಾಕ್ಟರ ಚೀಟಿ ಬೇಡ" ಎಂದರು. ಅವರು ಹಾರಲು ಹೋದ ದಿನವೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ಜನವರಿಯಲ್ಲಿ ಈ ಹೆರನ್ ಲೇಕ್‌ಗೆ ಬಂದು ಬಾಡಿಗೆ ಮನೆ ಹಿಡಿದೆವು. ನಡುವೆ ಹುಲ್ಲಿನ ರನ್‌ವೇ, ಎರಡೂ ಬದಿಗೆ ಒಟ್ಟು ನಲವತ್ತು ಮನೆ, ಪ್ರತಿ ಮನೆಯ ಹಿಂದೆ ವಿಮಾನ ನಿಲ್ಲಿಸಲು ಹ್ಯಾಂಗರ್. ವಿಮಾನಗಳು ಓಡಾಡುವ ದಾರಿಯಲ್ಲೇ ಹೆಂಗಸರು ನಾಯಿ ಹಿಡಿದುಕೊಂಡು ವಾಕಿಂಗ್ ಹೋಗುತ್ತಾರೆ. ಮನೆ ತೋರಿಸುವ ಡೋರೀನ್ ಮೊದಲ ದಿನವೇ ನಗುತ್ತಾ ಹೇಳಿದಳು: "ಇಲ್ಲಿ ಗಂಡ ಶೆಡ್ಡಿಗೆ ಹೋಗಿಬರ್ತೀನಿ ಅಂದ್ರೆ ನಂಬಬೇಡಿ. ಮಧ್ಯಾಹ್ನ ಬಹಾಮಾ ದ್ವೀಪದಿಂದ ಫೋನ್ ಮಾಡ್ತಾನೆ." ನಿಮ್ಮಪ್ಪ ಎಷ್ಟು ನಕ್ಕರೆಂದರೆ, ಅವರು ಹಾಗೆ ನಕ್ಕದ್ದನ್ನು ನಾನು ನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಅದಕ್ಕೇ ಬೇಡವೆನ್ನಲು ಬಾಯಿ ಬರಲಿಲ್ಲ.

ಕೊನೆಗೆ ಉಳಿದದ್ದು ಎರಡು ಮನೆ. ಒಂದು ರನ್‌ವೇಯ ನಡುಭಾಗಕ್ಕೇ ಮುಖಮಾಡಿದ ಬಿಳಿ ಮನೆ. ಮಿಸೆಸ್ ಪ್ರೂಯಿಟ್ ಎಂಬ ವಿಧವೆಯದು. ಇನ್ನೊಂದು ಬೇಲಿಯ ಹೊರಗಿನ ರಸ್ತೆಯಲ್ಲಿ, ಚಿಕ್ಕದು. ಅಲ್ಲಿಂದ ರನ್‌ವೇಗೆ ದಾರಿಯಿಲ್ಲ. ನಿಮ್ಮಪ್ಪ ಅದರ ಬಾಗಿಲಲ್ಲೇ ನಿಂತು "ಇದು ಹೋಟೆಲಿನ ಎದುರು ಉಪವಾಸ ಕೂತ ಹಾಗೆ" ಎಂದು ತಿರುಗಿಬಿಟ್ಟರು.

ಮಿಸೆಸ್ ಪ್ರೂಯಿಟ್ ನನ್ನನ್ನು ಅಡುಗೆಮನೆಗೆ ಕರೆದು ತಣ್ಣಗಿನ ಟೀ ಕೊಟ್ಟಳು. ಹೊರಗೊಂದು ವಿಮಾನ ಇಳಿಯುತ್ತಿತ್ತು. ನಾನು ಲೋಟ ಹಿಡಿದು ಹಾಗೇ ನಿಂತಿದ್ದನ್ನು ನೋಡಿ "ನಿನಗೂ ಇದೆಯಾ ಈ ರೋಗ?" ಎಂದಳು. "ಮೂವತ್ತೊಂದು ವರ್ಷ ಕಣೇ, ಚಕ್ರ ನೆಲಕ್ಕೆ ತಾಗೋವರೆಗೂ ಕೈಯಲ್ಲಿದ್ದ ಪಾತ್ರೆ ಕೆಳಗಿಡ್ತಿರಲಿಲ್ಲ. ಕೊನೆಗೆ ನನ್ನ ಗಂಡ ಹೋಗಿದ್ದು ನ್ಯುಮೋನಿಯಾ ಬಂದು, ಇದೇ ಮನೆ ಮಂಚದ ಮೇಲೆ. ನಾನು ಹೆದರಿದ್ದೆಲ್ಲಾ ದಂಡ!"

ನಾನೂ ನಕ್ಕೆ. ಆದರೆ ಒಳಗೊಳಗೇ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಅವಳ ಗಂಡನಿಗೆ ಕಣ್ಣು ಚೆನ್ನಾಗಿತ್ತು.

ಈಗ ಹೇಳಲೇಬೇಕು. ನಿಮ್ಮಪ್ಪನಿಗೆ ಗ್ಲಾಕೋಮಾ, ಕಣ್ಣೊಳಗೆ ಒತ್ತಡ ಏರುವ ಕಾಯಿಲೆಯಿದೆ. ನಡುಭಾಗ ಸರಿಯಾಗಿಯೇ ಕಾಣುತ್ತದೆ, ಪತ್ರಿಕೆ ಓದುತ್ತಾರೆ. ಅಂಚಿನಿಂದ ಮಾತ್ರ ಮಸಕಾಗುತ್ತಾ ಬರುತ್ತಿದೆ, ಅದರಲ್ಲೂ ಎಡಗಡೆ. ಊಟದ ಮೇಜಿನಲ್ಲಿ ಉಪ್ಪಿನ ಡಬ್ಬಿ ನಾನು ಬಲಗಡೆಗೇ ಇಡುತ್ತೇನೆ. ಅವರು ಯಾಕೆಂದು ಕೇಳುವುದಿಲ್ಲ, ನಾನು ಹೇಳುವುದಿಲ್ಲ.

ಹೋದ ತಿಂಗಳು ಇಪ್ಪತ್ತಮೂರರಂದು ಬಿಳಿ ಮನೆಯನ್ನು ಕೊನೆಯ ಸಲ ನೋಡಲು ಹೋದೆವು. ಡೋರೀನ್ ಬ್ಯಾಟರಿ ಗಾಡಿ ತಂದಿದ್ದಳು. "ನೀವೇ ಓಡಿಸಿ ಮಿಸ್ಟರ್ ಟಾಲಿವರ್, ಇನ್ನು ನಿಮ್ಮದೇ ಊರು" ಎಂದಳು. ನಿಮ್ಮಪ್ಪ ಖುಷಿಯಿಂದ ಹತ್ತಿದರು. ನಾನು ಪಕ್ಕದಲ್ಲಿ, ಅವಳು ಹಿಂದೆ. ವಿಮಾನಗಳ ದಾರಿಯನ್ನು ದಾಟಬೇಕಿತ್ತು. ಎಡಗಡೆಯಿಂದ ಹಳದಿ ಬಣ್ಣದ ವಿಮಾನವೊಂದು ನಿಧಾನಕ್ಕೆ ಉರುಳಿಕೊಂಡು ಬರುತ್ತಿತ್ತು. ಆ ಸದ್ದು ಊರಿಗೇ ಕೇಳುವಂತಿತ್ತು, ಆದರೆ ಅಲ್ಲಿ ನಾಲ್ಕೂ ಕಡೆ ಯಾವುದಾದರೊಂದು ಎಂಜಿನ್ ಸದ್ದು ಇದ್ದೇ ಇರುತ್ತದೆ. ನಿಲ್ಲಿಸುತ್ತಾರೆ, ಈಗ ನಿಲ್ಲಿಸುತ್ತಾರೆ ಎಂದು ನಾನು ಕಾದೆ. ಅವರು ಬಿಳಿ ಮನೆಯನ್ನೇ ನೋಡುತ್ತಾ ನೇರ ನುಗ್ಗಿಸಿದರು.

"ವಾರನ್, ನಿಲ್ಸು!" ಎಂದು ಕಿರುಚಿ ಸ್ಟಿಯರಿಂಗ್ ಹಿಡಿದು ಎಳೆದೆ. ಗಾಡಿ ಹುಲ್ಲಿಗೆ ಹಾರಿ ವಾಲಿ ನಿಂತಿತು. ವಿಮಾನದವನು ಎಂಜಿನ್ ಆರಿಸಿದ. ತಿರುಗುತ್ತಿದ್ದ ಪ್ರೊಪೆಲ್ಲರ್ ನಿಂತಾಗ ಅದಕ್ಕೂ ನಮಗೂ ನಡುವೆ ಎರಡು ಮಾರು ಜಾಗವಿತ್ತೋ ಇಲ್ಲವೋ.

ಅವನು ಕೆಳಗೆ ಹಾರಿ ಬಂದ. ನಿಮ್ಮಪ್ಪನಷ್ಟೇ ವಯಸ್ಸಿನವನು. "ಕಣ್ಣೇನು ಮನೇಲಿ ಬಿಟ್ಟು ಬಂದಿದೀಯೇನಯ್ಯಾ? ಇಷ್ಟು ದೊಡ್ಡ ಹಳದಿ ವಿಮಾನ ಕಾಣಲ್ವಾ ನಿನಗೆ?"

"ಬಿಸಿಲು ಹೊಡೀತಿತ್ತು…" ಎಂದಳು ಡೋರೀನ್ ಸಮಾಧಾನ ಮಾಡುವವಳಂತೆ. ಬಿಸಿಲು ನಮ್ಮ ಬೆನ್ನಿಗಿತ್ತು.

ನಿಮ್ಮಪ್ಪ ಅವಳ ಕಡೆ ತಿರುಗಿ "ಇಲ್ಲಮ್ಮ, ಸುಳ್ಳು ಬೇಡ" ಎಂದರು. ಆಮೇಲೆ ಆ ಮನುಷ್ಯನಿಗೆ "ನನಗೆ ಕಾಣಲಿಲ್ಲ ಸ್ವಾಮಿ. ತಪ್ಪಾಯ್ತು" ಎಂದು ಕೈ ಚಾಚಿದರು. ಅವನು ಮೆಲ್ಲಗೆ ಕೈ ಹಿಡಿದ. ಮತ್ತೆ ಬೈದಿದ್ದರೇ ವಾಸಿಯಿತ್ತು.

ಕಾರಿಗೆ ಬಂದಾಗ ಅವರು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಕಾರು ಹೊರಟ ಮೇಲೆ "ಎಡಗಡೆ ಏನೂ ಇರಲಿಲ್ಲ ಲೆನೋರ್. ಮಬ್ಬು ಮಬ್ಬಾಗಿಯೂ ಇರಲಿಲ್ಲ. ಖಾಲಿ" ಎಂದರು.

"ಗೊತ್ತು" ಎಂದೆ.

"ಆ ಎಂಜಿನ್ ಆರಿಸೋಕೆ ಅವನು ಒಂದು ಕ್ಷಣ ತಡ ಮಾಡಿದ್ರೆ, ನೀನು ಹೋಗಿಬಿಡ್ತಿದ್ದೆ" ಎಂದು ಅತ್ತರು ಕಣೋ. ನಿಮ್ಮಜ್ಜಿ ತೀರಿಕೊಂಡಾಗಲೂ ಅಳದ ಮನುಷ್ಯ.

ಮರುವಾರವೇ ವಿಮಾನ ಮಾರಿದರು. ಟ್ಯಾಂಪಾದಿಂದ ಬಂದ ಗಂಡಹೆಂಡತಿ ಅದನ್ನು ಹಾರಿಸಿಕೊಂಡು ಹೋಗುವಾಗ ಮರೆಯಾಗುವವರೆಗೂ ನಿಮ್ಮಪ್ಪ ನೋಡಿದರು. ಈ ಊರನ್ನೇ ಬಿಟ್ಟು ಹೋಗೋಣವೆಂದೆ. ಒಪ್ಪಲಿಲ್ಲ. ಡೋರೀನ್‌ಗೆ ತಾವೇ ಫೋನು ಮಾಡಿ "ಬೇಲಿಯಾಚೆ ಮನೆ ಇನ್ನೂ ಇದೆಯಾ? ನೋಡೋದಕ್ಕೆ ಕಣ್ಣಿನ ನಡುಭಾಗ ಸಾಕಮ್ಮ" ಎಂದರು. ಸೋಮವಾರ ಸಹಿ ಹಾಕುತ್ತೇವೆ. ಹಿಂದಿನ ವರಾಂಡಾದಲ್ಲಿ ಎರಡು ಕುರ್ಚಿ ಹಾಕಬಹುದು. ಅಲ್ಲಿ ಕೂತು ಯಾರದೋ ವಿಮಾನಕ್ಕೆ ನಾನು ಹೆದರುತ್ತಿರುತ್ತೇನೆ.

ನಿನಗಾಗಿ ಒಂದು ಕೋಣೆಯಿದೆ, ಮೆಟ್ಟಿಲು ಹತ್ತಬೇಕಿಲ್ಲ. ಬರಲು ಹೇಳಿದಾಗಲೆಲ್ಲ "ಅಪ್ಪನಿಗೆ ಮುಖ ತೋರಿಸೋಕಾಗಲ್ಲಮ್ಮ" ಎನ್ನುತ್ತೀಯಲ್ಲ, ಇನ್ನು ಹಾಗೆನ್ನಬೇಡ. ಹೊಸ ಕಾಲು ಉಜ್ಜಿ ಗಾಯವಾದರೆ ತಾತ್ಸಾರ ಮಾಡಬೇಡ. ಎಲ್ಲಿದ್ದರೂ ತಣ್ಣಗಿರು ಮಗನೇ, ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಪ್ರೀತಿಯ ಅಮ್ಮ,
ಲೆನೋರ್

ತಾ.ಕ.: ಕಾಗದ ಮಡಿಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನೀವಿಬ್ಬರೂ ಬಿದ್ದ ದಿನಕ್ಕಿಂತ ಎರಡು ತಿಂಗಳು ಮೊದಲೇ ಕಣ್ಣಿನ ಡಾಕ್ಟರು ಅಪ್ಪನಿಗೆ ಇನ್ನು ಹಾರಬೇಡಿ ಎಂದಿದ್ದರು. ನಾನು ಅದೇ ಕೋಣೆಯಲ್ಲಿ ಕೂತಿದ್ದೆ. "ಕೆಂಟ್ ಬರ್ತಾನೆ, ಅವನ ಜೊತೆ ಒಂದೇ ಒಂದು ಸಲ, ಆಮೇಲೆ ಬಿಟ್ಟುಬಿಡ್ತೀನಿ" ಎಂದು ಬೇಡಿಕೊಂಡರು. ನಾನು ಹೂಂ ಎಂದೆ. ನಿಮ್ಮಿಬ್ಬರಿಗೂ ಬುತ್ತಿ ಕಟ್ಟಿ ಕಳಿಸಿದೆ. ರೆಕ್ಕೆ ತಾಗಿದ ಆ ಕಂಬ ಇದ್ದದ್ದು ಎಡಗಡೆ, ಕೆಂಟ್. ವಿಮಾನದೊಳಗೆ ನೀವಿಬ್ಬರೂ ಆಡಿದ ಜಗಳಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆಸ್ಪತ್ರೆಯಲ್ಲಿ ನೀನು "ನಾನು ಕೂಗಾಡಿದ್ದಕ್ಕೇ ಅಪ್ಪನ ಗಮನ ತಪ್ಪಿತಮ್ಮ" ಎಂದು ಅತ್ತಾಗ ನಾನು ನಿನ್ನ ತಲೆ ನೇವರಿಸಿ, "ಹೋಗ್ಲಿ ಬಿಡು, ಬೇಕಂತ ಮಾಡಿದ್ದಲ್ವಲ್ಲ" ಎಂದೆ.